ಸುಪ್ತ ಸಾಮರ್ಥ್ಯವೂ ತಂತ್ರಾಂಶಕಾರರ ಹೊಣೆಯೂ

ಎಂಟು ಕೋರ್‌ಗಳ ಪ್ರೊಸೆಸರ್ ಇರುವ ಸಾಧಾರಣ ಡೆಸ್ಕ್‌ಟಾಪ್ ಗಣಕವೊಂದರಲ್ಲಿ ದೊಡ್ಡ ಚಿತ್ರವೊಂದನ್ನು ತಿದ್ದಲು ಹೊರಟಾಗ, ಅಥವಾ ಸಾವಿರಾರು ಸಾಲುಗಳ ಕಡತವೊಂದನ್ನು ಬೇರೆ ರೂಪಕ್ಕೆ ಪರಿವರ್ತಿಸಲು ಆಜ್ಞೆಯಿತ್ತಾಗ, ಪರದೆಯು ಮೌಸಿಗೂ ಕೀಲಿಮಣೆಗೂ ಓಗೊಡದೆ ನಿಶ್ಚಲವಾಗಿ ನಿಂತುಬಿಡುವುದನ್ನು ಕಾಣದವರು ವಿರಳ. ಆ ಹೊತ್ತಿನಲ್ಲಿ ವಿಂಡೋಸ್‌ನ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿದರೆ, ಪ್ರೊಸೆಸರಿನ ದುಡಿಮೆ ಶೇಕಡಾ 12 ಅಥವಾ 13ರ ಆಸುಪಾಸಿನಲ್ಲಿ ನಿಂತಿರುವುದು ಅನೇಕ ಸಲ ಕಾಣಬರುತ್ತದೆ. ಈ ಅಂಕಿ ಆಕಸ್ಮಿಕವಾದದ್ದಲ್ಲ. ನೂರನ್ನು ಎಂಟರಿಂದ ಭಾಗಿಸಿದಾಗ ದೊರೆಯುವ ಹನ್ನೆರಡೂವರೆಯೇ ಅದು. ಕಾರ್ಯಾಚರಣ ವ್ಯವಸ್ಥೆಯು ಕೆಲಸವನ್ನು ಆಗಾಗ ಒಂದು ಕೋರ್‌ನಿಂದ ಮತ್ತೊಂದಕ್ಕೆ ವರ್ಗಾಯಿಸುತ್ತಿರುವುದರಿಂದ ಎಂಟು ರೇಖೆಗಳೂ ಅಷ್ಟಿಷ್ಟು ಅಲುಗುವಂತೆ ತೋರಿದರೂ, ಯಾವ ಒಂದು ಕ್ಷಣವನ್ನು ತೆಗೆದುಕೊಂಡರೂ ನಿಜವಾಗಿ ದುಡಿಯುತ್ತಿರುವುದು ಒಂದೇ ಕೋರ್. ಉಳಿದ ಏಳು ಸುಮ್ಮನಿವೆ. ಯಂತ್ರ ಹಳತಾಯಿತು, ಹೊಸದನ್ನು ಕೊಳ್ಳಬೇಕು ಎಂಬ ನಿರ್ಣಯಕ್ಕೆ ಗೃಹಸ್ಥನು ಬರುವುದು ಇಂಥ ಗಳಿಗೆಯಲ್ಲಿಯೇ. ಆದರೆ ಅವನು ಕೊಳ್ಳುವ ಹೊಸ ಯಂತ್ರದಲ್ಲಿ ಹದಿನಾರು ಕೋರ್‌ಗಳಿದ್ದ ಪಕ್ಷದಲ್ಲಿ ಆ ಅಂಕಿ ಆರೂಕಾಲಿಗೆ ಇಳಿಯುವುದೇ ಹೊರತು, ಅವನು ಕಾಯುವ ಕಾಲವು ಅರ್ಧಕ್ಕೆ ಇಳಿಯುವುದಿಲ್ಲ.

ಹೊಸ ಯಂತ್ರದ ಮೇಲೆ ವ್ಯಯವಾಗುವ ಈ ಹಣ, ಪರದೆಯ ಮುಂದೆ ಕಳೆದುಹೋಗುವ ಈ ಕಾಲ, ಎರಡನ್ನೂ ಉಳಿಸುವ ಶಕ್ತಿ ಇರುವುದು ತಂತ್ರಾಂಶವನ್ನು ರಚಿಸುವವರ ಕೈಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಸಮರ್ಥಿಸಬೇಕಾದರೆ, ಈ ಸ್ಥಿತಿ ಒದಗಿದ ಬಗೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

1978ರಲ್ಲಿ ಇಂಟೆಲ್ ಸಂಸ್ಥೆಯ 8086 ಎಂಬ ಪ್ರೊಸೆಸರ್ ಹೊರಬಂದಾಗ ಅದರ ಗಡಿಯಾರದ ವೇಗ 5 ಮೆಗಾಹರ್ಟ್ಸ್, ಎಂದರೆ ಸೆಕೆಂಡಿಗೆ ಐವತ್ತು ಲಕ್ಷ ಸ್ಪಂದನಗಳು. 2000ದ ನವೆಂಬರಿನಲ್ಲಿ ಬಂದ ಪೆಂಟಿಯಂ 4ರ ವೇಗ ಒಂದೂವರೆ ಗಿಗಾಹರ್ಟ್ಸ್; 2004ರ ಅಂತ್ಯದ ವೇಳೆಗೆ ಅದೇ ವಂಶದ ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತ್ತು. ಈ ದೀರ್ಘ ಆರೋಹಣದ ಹಿಂದೆ, 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಒಂದು ನಿಯಮವಿತ್ತು: ಟ್ರಾನ್ಸಿಸ್ಟರಿನ ಅಳತೆಯನ್ನು ಕುಗ್ಗಿಸಿದಂತೆಲ್ಲ ಅದಕ್ಕೆ ಕೊಡುವ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ, ವೇಗ ಏರುವುದು, ಆದರೆ ಅಷ್ಟೇ ವಿಸ್ತೀರ್ಣದ ಚಿಪ್ ಹೊರಸೂಸುವ ಶಾಖ ಏರುವುದಿಲ್ಲ. ಮೂರು ದಶಕಗಳ ಕಾಲ ಈ ನಿಯಮವು ಗಣಕೋದ್ಯಮವನ್ನು ಪೋಷಿಸಿತು. ತಂತ್ರಾಂಶ ಬರೆದವನು ತನ್ನ ಬರವಣಿಗೆಯಲ್ಲಿ ಒಂದಕ್ಷರವನ್ನೂ ಬದಲಿಸದೆ ಕೈಕಟ್ಟಿ ಕುಳಿತಿದ್ದರೂ, ಎರಡು ವರ್ಷಕ್ಕೊಮ್ಮೆ ಬರುವ ಹೊಸ ಪ್ರೊಸೆಸರ್ ಅವನ ಪ್ರೋಗ್ರಾಮನ್ನು ಹೆಚ್ಚು ವೇಗದಿಂದ ಓಡಿಸುತ್ತಿತ್ತು. ಸುಖವಾದ ಕಾಲ ಅದು. ಒಂದು ಇಡೀ ತಲೆಮಾರಿನ ತಂತ್ರಾಂಶಕಾರರ ಅಭ್ಯಾಸಗಳು ರೂಪುಗೊಂಡದ್ದೂ ಆ ಕಾಲದಲ್ಲಿಯೇ.

ಟ್ರಾನ್ಸಿಸ್ಟರುಗಳು ಅತಿ ಸೂಕ್ಷ್ಮವಾದಾಗ ನಿಯಮವು ಕೆಟ್ಟಿತು. ಆರಿದ ಸ್ಥಿತಿಯಲ್ಲಿಯೂ ಅವುಗಳ ಮೂಲಕ ವಿದ್ಯುತ್ತು ಸೋರತೊಡಗಿತು. ಸೋರಿಕೆಯನ್ನು ತಡೆಯಬೇಕಾದರೆ ವೋಲ್ಟೇಜನ್ನು ಇನ್ನು ಕುಗ್ಗಿಸುವಂತಿರಲಿಲ್ಲ. ವೋಲ್ಟೇಜನ್ನು ಕುಗ್ಗಿಸದೆ ವೇಗವನ್ನು ಹೆಚ್ಚಿಸಿದರೆ ಶಾಖವನ್ನು ಹೊರಗೆ ಸಾಗಿಸುವ ದಾರಿಯಿರಲಿಲ್ಲ. 2004ರ ಅಕ್ಟೋಬರಿನಲ್ಲಿ ಇಂಟೆಲ್ ತನ್ನ 4 ಗಿಗಾಹರ್ಟ್ಸ್‌ನ ಪೆಂಟಿಯಂ 4ನ್ನು ಹೊರತರುವ ಸಂಕಲ್ಪವನ್ನು ಕೈಬಿಟ್ಟಿತು. ಮರುವರ್ಷದ ಮೇ ತಿಂಗಳಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳೆರಡೂ ಡೆಸ್ಕ್‌ಟಾಪ್ ಗಣಕಗಳಿಗಾಗಿ ಎರಡು ಕೋರ್‌ಗಳ ಪ್ರೊಸೆಸರುಗಳನ್ನು ಮಾರುಕಟ್ಟೆಗೆ ತಂದವು. ಇದರ ಹಿಂದಿನ ಲೆಕ್ಕ ಸರಳವಾದದ್ದು. ಚಿಪ್ ಸೇವಿಸುವ ವಿದ್ಯುತ್ತು ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ. ವೇಗವನ್ನು ಕೊಂಚ ತಗ್ಗಿಸಿದರೆ ವೋಲ್ಟೇಜನ್ನೂ ತಗ್ಗಿಸಬಹುದಾದ್ದರಿಂದ ಶಾಖವು ಬಹಳವಾಗಿ ತಗ್ಗುತ್ತದೆ. ಹಾಗೆ ಉಳಿದ ಅವಕಾಶದಲ್ಲಿ ಮತ್ತೊಂದು ಕೋರನ್ನು ಕೂಡಿಸಬಹುದು. 2017ರ ವೇಳೆಗೆ ಎಂಟು ಕೋರ್‌ಗಳು, 2019ರ ವೇಳೆಗೆ ಹದಿನಾರು, ಮನೆಬಳಕೆಯ ಪ್ರೊಸೆಸರುಗಳಲ್ಲಿಯೇ ದೊರೆಯತೊಡಗಿದವು. ಗಡಿಯಾರದ ವೇಗವಾದರೋ, 2004ರಿಂದ ಈಚೆಗೆ ಎರಡು ಪಟ್ಟೂ ಆಗಿಲ್ಲ.

ಈ ಪರಿವರ್ತನೆಯ ಅರ್ಥವನ್ನು ಸಕಾಲದಲ್ಲಿ ಹೇಳಿದವರೂ ಇದ್ದರು. ಸಿ ಪ್ಲಸ್ ಪ್ಲಸ್ ಭಾಷೆಯ ತಜ್ಞ ಹರ್ಬ್ ಸಟರ್ 2005ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದು, ಇನ್ನು ಮುಂದೆ ವೇಗವು ತಾನಾಗಿ ಒದಗಿಬರುವುದಿಲ್ಲವೆಂದೂ, ಏಕಕಾಲದಲ್ಲಿ ಹಲವು ಸರಣಿಗಳಲ್ಲಿ ನಡೆಯುವಂತೆ ಪ್ರೋಗ್ರಾಮುಗಳನ್ನು ಹೊಸದಾಗಿ ಆಲೋಚಿಸಬೇಕೆಂದೂ ಸ್ಪಷ್ಟವಾಗಿ ಎಚ್ಚರಿಸಿತು. ಇಪ್ಪತ್ತು ವರ್ಷಗಳಾದವು. ಆ ಎಚ್ಚರಿಕೆಗೆ ಕಿವಿಗೊಟ್ಟ ತಂತ್ರಾಂಶಗಳಿಲ್ಲದಿಲ್ಲ. ಚಲನಚಿತ್ರವನ್ನು ಸಂಕುಚಿಸುವ ತಂತ್ರಾಂಶಗಳು, ಬ್ಲೆಂಡರ್‌ನಂಥ ಮೂರು ಆಯಾಮದ ಚಿತ್ರಣದ ಸಾಧನಗಳು, ಎಷ್ಟು ಕೋರ್‌ಗಳಿದ್ದರೆ ಅಷ್ಟನ್ನೂ ದುಡಿಸಿಕೊಳ್ಳುತ್ತವೆ. ಆದರೆ ಕಚೇರಿಯ, ಮುದ್ರಣಾಲಯದ, ಲೆಕ್ಕಪತ್ರದ, ವಿದ್ಯಾರ್ಥಿಯ ದೈನಂದಿನ ಕೆಲಸಕ್ಕೆ ಒದಗುವ ತಂತ್ರಾಂಶಗಳಲ್ಲಿ ಬಹುಪಾಲು ಇಂದಿಗೂ ಒಂದೇ ಕೋರನ್ನು ನೆಚ್ಚಿಕೊಂಡಿವೆ.

ಇದಕ್ಕೆ ಅಲಕ್ಷ್ಯವೊಂದೇ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ವಿಷಯದ ಸ್ವರೂಪದಲ್ಲಿಯೇ ಕೆಲವು ತೊಡಕುಗಳಿವೆ. ಮೊದಲನೆಯದನ್ನು 1967ರಲ್ಲಿ ಜೀನ್ ಆಮ್‌ಡಾಲ್ ಎಂಬ ಗಣಕಶಿಲ್ಪಿ ಎತ್ತಿ ತೋರಿಸಿದರು. ನೂರು ಸೆಕೆಂಡು ಹಿಡಿಯುವ ಕೆಲಸದಲ್ಲಿ ಅರ್ಧವನ್ನು ಮಾತ್ರ ಹಂಚಿಕೊಳ್ಳಲು ಸಾಧ್ಯವೆಂದಿಟ್ಟುಕೊಂಡರೆ, ಎಂಟು ಕೋರ್‌ಗಳು ಸೇರಿದಾಗ ಆ ಅರ್ಧವು ಆರೂಕಾಲು ಸೆಕೆಂಡಿಗೆ ಇಳಿಯುತ್ತದೆ. ಉಳಿದ ಅರ್ಧವು ಐವತ್ತಾಗಿಯೇ ಉಳಿದು ಒಟ್ಟು ಐವತ್ತಾರು ಸೆಕೆಂಡು ದಾಟುತ್ತದೆ. ಹತ್ತರಲ್ಲಿ ಒಂಬತ್ತು ಪಾಲನ್ನು ಹಂಚಿಕೊಳ್ಳಬಹುದಾದರೆ ಇಪ್ಪತ್ತೊಂದು ಸೆಕೆಂಡಿಗೆ ಬರುತ್ತದೆ. ಅಲ್ಲಿಯೂ ಎಂಟು ಪಟ್ಟಿನ ಮಾತಿಲ್ಲ, ಐದು ಪಟ್ಟೂ ಆಗುವುದಿಲ್ಲ. ಸಾವಿರ ಕೋರ್‌ಗಳನ್ನು ತಂದು ಕೂಡಿಸಿದರೂ ಹತ್ತು ಸೆಕೆಂಡಿಗಿಂತ ಕೆಳಗೆ ಇಳಿಯದು. ನಾಟಿಯ ದಿನ ಗದ್ದೆಗೆ ಎಂಟು ಆಳು ಹೆಚ್ಚಿಗೆ ಬಂದರೆ ನಾಟಿ ಬೇಗ ಮುಗಿಯುತ್ತದೆ. ಸಸಿಮಡಿಯಲ್ಲಿ ಪೈರು ನಾಟಿಯ ಎತ್ತರಕ್ಕೆ ಬರಲು ಬೇಕಾದ ಮೂರು ವಾರಗಳನ್ನು ಎಷ್ಟು ಜನ ಬಂದರೂ ಕಡಮೆ ಮಾಡಲಾಗದು. ಆದುದರಿಂದ ತಂತ್ರಾಂಶಕಾರನ ಮುಖ್ಯ ಪರಿಶ್ರಮವು, ಹಂಚಲಾಗದೆ ಉಳಿದ ಭಾಗವನ್ನು ಗುರುತಿಸಿ, ಅದು ನಿಜವಾಗಿಯೂ ಹಂಚಲಾಗದ್ದೋ, ಅಥವಾ ಹಾಗೆ ಬರೆಯಲ್ಪಟ್ಟಿರುವುದರಿಂದ ಮಾತ್ರ ಹಾಗಾಗಿದೆಯೋ ಎಂಬುದನ್ನು ವಿಮರ್ಶಿಸುವುದರಲ್ಲಿ ವಿನಿಯೋಗವಾಗಬೇಕು. ಎರಡನೆಯ ಜಾತಿಯದೇ ಹೆಚ್ಚೆಂಬುದು ಹಳೆಯ ಪ್ರೋಗ್ರಾಮುಗಳನ್ನು ಬಿಚ್ಚಿ ನೋಡಿದವರಿಗೆ ತಿಳಿದ ವಿಷಯ.

ಎರಡನೆಯ ತೊಡಕು ಇದಕ್ಕಿಂತ ಭಯಾನಕವಾದದ್ದು. ಒಂದೇ ಪ್ರೋಗ್ರಾಮಿನೊಳಗೆ ಸ್ವತಂತ್ರವಾಗಿ ಮುಂದುವರಿಯುವ ಆಜ್ಞಾಸರಣಿಗೆ ಥ್ರೆಡ್ ಎಂದು ಹೆಸರು. ಸ್ಮೃತಿಯಲ್ಲಿ 100 ಎಂಬ ಸಂಖ್ಯೆಯಿದೆಯೆನ್ನೋಣ. ಒಂದು ಥ್ರೆಡ್ ಅದಕ್ಕೆ ಹತ್ತನ್ನೂ ಇನ್ನೊಂದು ಇಪ್ಪತ್ತನ್ನೂ ಕೂಡಿಸಬೇಕಾಗಿದೆ. ಎರಡೂ ಏಕಕಾಲದಲ್ಲಿ ಸಂಖ್ಯೆಯನ್ನು ಓದುತ್ತವೆ. ಎರಡಕ್ಕೂ 100 ಎಂದೇ ಕಾಣುತ್ತದೆ. ಮೊದಲನೆಯದು 110 ಎಂದು ಬರೆಯುತ್ತದೆ. ಅರೆಗಳಿಗೆಯಲ್ಲಿ ಎರಡನೆಯದು ಅದರ ಮೇಲೆ 120 ಎಂದು ಬರೆಯುತ್ತದೆ. 130 ಆಗಬೇಕಿದ್ದಲ್ಲಿ ಹತ್ತು ಕಾಣೆಯಾಯಿತು. ಇದನ್ನು ತಡೆಯಲೆಂದು ಸಂಖ್ಯೆಗೆ ಬೀಗ ಹಾಕಿ, ಒಂದರ ಕೆಲಸ ಮುಗಿಯುವವರೆಗೆ ಮತ್ತೊಂದನ್ನು ನಿಲ್ಲಿಸಬಹುದು. ಈ ಪರಸ್ಪರ ವರ್ಜನೆಯ ಸಮಸ್ಯೆಗೆ ಡಚ್ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಷ್ಟು ಹಿಂದೆಯೇ ಒಂದು ಪರಿಹಾರವನ್ನು ಪ್ರಕಟಿಸಿದ್ದರು. ಆದರೆ ಬೀಗಗಳು ಹೆಚ್ಚಿದಂತೆ, ಮೊದಲನೆಯ ಥ್ರೆಡ್ ಎರಡನೆಯದರ ಬೀಗಕ್ಕಾಗಿಯೂ ಎರಡನೆಯದು ಮೊದಲನೆಯದರ ಬೀಗಕ್ಕಾಗಿಯೂ ಕಾಯುತ್ತ, ಎರಡೂ ಚಿರಕಾಲ ನಿಂತೇ ಇರುವ ಸಂಭವ ಉಂಟಾಗುತ್ತದೆ. ಇನ್ನೂ ಕ್ಲೇಶಕರವಾದದ್ದೆಂದರೆ ಇಂಥ ದೋಷಗಳು ಕರೆದಾಗ ಬಾರವು. ಪರೀಕ್ಷಾಗಾರದಲ್ಲಿ ಸಹಸ್ರ ಸಲ ಸರಿಯಾಗಿ ನಡೆದ ಪ್ರೋಗ್ರಾಮು, ಇನ್ನೊಬ್ಬನ ಮೇಜಿನ ಮೇಲೆ, ಕಾಲಗತಿಯ ಯಾವುದೋ ಒಂದು ಸೂಕ್ಷ್ಮ ಹೊಂದಾಣಿಕೆಯಿಂದ ತಪ್ಪುತ್ತದೆ. ದೋಷವನ್ನು ಹುಡುಕಲು ಪರಿವೀಕ್ಷಣೆಯ ಸಾಧನವನ್ನು ಜೋಡಿಸಿದರೆ ಕಾಲಗತಿಯೇ ಬದಲಾಗಿ ದೋಷವು ಮಾಯವಾಗುತ್ತದೆ.

2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಕೆನಡಾದ ಒಂಟೇರಿಯೊ ಪ್ರಾಂತ್ಯದಲ್ಲಿಯೂ ಸುಮಾರು ಐದು ಕೋಟಿ ಜನರ ಮನೆಗಳಲ್ಲಿ ವಿದ್ಯುತ್ತು ಹೋಯಿತು. ಆ ಅನಾಹುತಕ್ಕೆ ಕಾರಣಗಳು ಹಲವಾದರೂ, ಓಹಾಯೋದ ನಿಯಂತ್ರಣ ಕೊಠಡಿಯೊಂದರಲ್ಲಿ ಎಚ್ಚರಿಕೆಯ ಸೂಚನೆ ಕೊಡಬೇಕಾಗಿದ್ದ ತಂತ್ರಾಂಶವು ಸದ್ದಿಲ್ಲದೆ ನಿಂತುಹೋಗಿದ್ದುದು ಅವುಗಳಲ್ಲೊಂದು. ಅದು ನಿಂತದ್ದು ಇಂಥದೇ ಒಂದು ಸರಣಿಗಳ ಪೈಪೋಟಿಯ ದೋಷದಿಂದ. ಅದನ್ನು ಪತ್ತೆಮಾಡಲು ಪರಿಣತರಿಗೆ ವಾರಗಟ್ಟಲೆ ಹಿಡಿಯಿತು. ಥ್ರೆಡ್‌ಗಳೆಂದರೆ ಅನುಭವಸ್ಥರು ಹಿಂಜರಿಯುವುದು ಹೇಡಿತನವಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಾಗಿಲ್ಲ.

ಮೂರನೆಯದು ಪರಂಪರೆಯ ಭಾರ. ನಾವಿಂದು ಬಳಸುವ ದೊಡ್ಡ ದೊಡ್ಡ ತಂತ್ರಾಂಶಗಳ ಬುನಾದಿ ಬಿದ್ದದ್ದು 1980 ಮತ್ತು 1990ರ ದಶಕಗಳಲ್ಲಿ. ಕಿಟಕಿ, ಗುಂಡಿ, ಪಟ್ಟಿಗಳನ್ನು ಪರದೆಯ ಮೇಲೆ ಬಿಡಿಸುವ ಹೊಣೆಯೆಲ್ಲ ಒಂದೇ ಥ್ರೆಡ್ಡಿಗೆ ಸೇರಿದ್ದೆಂಬ ಕಟ್ಟಳೆ ಅಂದಿನಿಂದ ನಡೆದುಬಂದಿದೆ. ಕಟ್ಟಳೆಯೇನೋ ವಿವೇಕದ್ದೇ, ಅದನ್ನು ಮುರಿಯಹೊರಟ ಪ್ರಯೋಗಗಳು ಪೈಪೋಟಿಯ ದೋಷಗಳಲ್ಲಿ ಸಿಕ್ಕಿ ಬಿದ್ದವು. ಪ್ರಮಾದವಿರುವುದು, ಆ ಏಕೈಕ ಥ್ರೆಡ್ಡಿನ ಮೇಲೆಯೇ ಕಡತವನ್ನು ಓದುವ, ಲೆಕ್ಕ ಹಾಕುವ, ಚಿತ್ರವನ್ನು ಹಿಗ್ಗಿಸುವ ಭಾರವನ್ನೆಲ್ಲ ಹೊರಿಸುವುದರಲ್ಲಿ. ಭಾರವಾದ ಕೆಲಸವನ್ನು ಪ್ರತ್ಯೇಕ ಥ್ರೆಡ್ಡಿಗೆ ವಹಿಸಿ, ಬಳಕೆದಾರನೊಡನೆ ಸಂಭಾಷಿಸುವ ಥ್ರೆಡ್ಡನ್ನು ಸದಾ ಬಿಡುವಾಗಿ ಇಟ್ಟರೆ, ಒಟ್ಟು ಕಾಲ ಒಂದು ಸೆಕೆಂಡೂ ಕಡಮೆಯಾಗದಿದ್ದರೂ, ಪರದೆ ಹೆಪ್ಪುಗಟ್ಟುವುದು ತಪ್ಪುತ್ತದೆ. ಕೆಲಸವನ್ನು ನಡುವೆ ರದ್ದುಮಾಡುವ ಸ್ವಾತಂತ್ರ್ಯ ಬಳಕೆದಾರನಿಗೆ ಉಳಿಯುತ್ತದೆ. ಇಷ್ಟು ಮಾಡಲು ಮಹಾ ಪಾಂಡಿತ್ಯ ಬೇಡ. ಎರಡನೆಯ ಕೋರಿನ ಮೊದಲ ಉಪಯೋಗವೇ ಇದಾಗಬೇಕು; ಇದನ್ನೂ ಮಾಡದ ತಂತ್ರಾಂಶವನ್ನು ಇಂದಿನ ದಿನ ಮಾರುವುದು ಗ್ರಾಹಕನಿಗೆ ತೋರಬೇಕಾದ ಗೌರವದಲ್ಲಿ ಆಗುವ ಲೋಪವೆಂದೇ ನಾನು ಭಾವಿಸುತ್ತೇನೆ.

ಅದರಾಚೆಗಿನ ದಾರಿ ದುರ್ಗಮವಾದರೂ ಅಗಮ್ಯವಲ್ಲವೆಂಬುದಕ್ಕೆ ನಡೆದು ತೋರಿಸಿದವರಿದ್ದಾರೆ. ಮೈಕ್ರೋಸಾಫ್ಟ್‌ನ ಎಕ್ಸೆಲ್ ತನ್ನ 2007ರ ಆವೃತ್ತಿಯಲ್ಲಿ ಮರುಲೆಕ್ಕವನ್ನು ಹಲವು ಥ್ರೆಡ್‌ಗಳಿಗೆ ಹಂಚಲು ಕಲಿಯಿತು. ಯಾವ ಕೋಶದ ಬೆಲೆ ಯಾವ ಕೋಶವನ್ನು ಅವಲಂಬಿಸಿದೆಯೆಂಬುದು ಸೂತ್ರಗಳಲ್ಲಿಯೇ ಬರೆದಿರುವುದರಿಂದ, ಪರಸ್ಪರ ಸಂಬಂಧವಿಲ್ಲದ ಕೋಶಗಳನ್ನು ಬೇರೆಬೇರೆ ಕೋರ್‌ಗಳಲ್ಲಿ ನಿರ್ಭಯವಾಗಿ ಲೆಕ್ಕ ಹಾಕಬಹುದು. ಅದೇ ಹಾಳೆಯಲ್ಲಿ ಬಳಕೆದಾರನು ವಿಬಿಎ ಭಾಷೆಯಲ್ಲಿ ತಾನೇ ಬರೆದು ಸೇರಿಸಿದ ಫಂಕ್ಷನ್ನುಗಳು ಮಾತ್ರ ಇಂದಿಗೂ ಮುಖ್ಯ ಥ್ರೆಡ್ಡಿನಲ್ಲಿಯೇ, ಒಂದಾದ ಮೇಲೊಂದರಂತೆ ನಡೆಯುತ್ತವೆ. ಏಕೆಂದರೆ ಅಂಥ ಫಂಕ್ಷನ್ನು ಏನನ್ನು ಮುಟ್ಟುತ್ತದೆ, ಏನನ್ನು ಬದಲಿಸುತ್ತದೆ ಎಂಬುದು ಎಕ್ಸೆಲ್‌ಗೆ ತಿಳಿಯದು. ಈ ಒಂದೇ ತಂತ್ರಾಂಶದೊಳಗೆ ನಮ್ಮ ವಿಷಯದ ಸಾರಾಂಶವೆಲ್ಲ ಅಡಗಿದೆಯೆನ್ನಬಹುದು: ಅವಲಂಬನೆಯನ್ನು ಎಲ್ಲಿ ಬಾಯಿಬಿಟ್ಟು ಹೇಳಿದೆಯೋ ಅಲ್ಲಿ ಕೋರ್‌ಗಳು ದುಡಿಯುತ್ತವೆ; ಎಲ್ಲಿ ಮುಚ್ಚಿಟ್ಟಿದೆಯೋ ಅಲ್ಲಿ ಸರದಿಯಲ್ಲಿ ನಿಲ್ಲುತ್ತವೆ.

ಜಾಲದರ್ಶಕಗಳ ಚರಿತ್ರೆ ಇನ್ನೂ ಬೋಧಪ್ರದವಾದದ್ದು. 2008ರ ಸೆಪ್ಟೆಂಬರಿನಲ್ಲಿ ಗೂಗಲ್‌ನ ಕ್ರೋಮ್ ಹೊರಬಂದಾಗ ಅದು ಪುಟಗಳನ್ನು ಬೇರೆಬೇರೆ ಪ್ರಕ್ರಿಯೆಗಳಲ್ಲಿ ನಡೆಸುವ ರಚನೆಯನ್ನು ಆರಂಭದಿಂದಲೇ ಹೊಂದಿತ್ತು. ಹಳೆಯ ಬುನಾದಿಯ ಮೇಲೆ ನಿಂತಿದ್ದ ಫೈರ್‌ಫಾಕ್ಸ್ ಅದೇ ಗುರಿಗಾಗಿ 2009ರಲ್ಲಿ ಹೊರಟು, 2016ರ ಆಗಸ್ಟಿನಲ್ಲಿ ಬಳಕೆದಾರರಿಗೆ ಕೊಡಲಾರಂಭಿಸಿತು. ಏಳು ವರ್ಷ! ಮೊದಲು ಹಾಕದ ಅಡಿಪಾಯವನ್ನು ಮನೆಯಲ್ಲಿ ವಾಸವಿರುವಾಗಲೇ ಹಾಕುವ ಕಷ್ಟದ ಅಳತೆ ಅದು. ಇನ್ನು, ಜಾಲಪುಟದ ಪ್ರತಿಯೊಂದು ಅಂಶಕ್ಕೂ ಬಣ್ಣ, ಗಾತ್ರ, ಅಕ್ಷರಶೈಲಿಗಳನ್ನು ನಿರ್ಣಯಿಸುವ ಶೈಲಿಗಣನೆಯನ್ನು ಹಲವು ಕೋರ್‌ಗಳಿಗೆ ಹಂಚಬೇಕೆಂದು ಮೊಜಿಲ್ಲಾದ ತಂತ್ರಜ್ಞರು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಎರಡು ಸಲ ಪ್ರಯತ್ನಿಸಿ ಎರಡು ಸಲವೂ ಸೋತಿದ್ದರು. ಮೂರನೆಯ ಪ್ರಯತ್ನವು ರಸ್ಟ್ ಎಂಬ ಹೊಸ ಭಾಷೆಯಲ್ಲಿ ಸಫಲವಾಗಿ, 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57ರ ಅಂಗವಾಗಿ ಲೋಕದ ಕೈಸೇರಿತು.

ಎರಡು ಸಲ ಸೋತವರು ಮೂರನೆಯ ಸಲ ಗೆದ್ದದ್ದು ಹೇಗೆ? ಅವರು ಹೆಚ್ಚು ಬುದ್ಧಿವಂತರಾದರೆಂದಲ್ಲ. ಎಚ್ಚರವಹಿಸುವ ಹೊಣೆಯ ಒಂದು ದೊಡ್ಡ ಪಾಲನ್ನು ಮನುಷ್ಯನಿಂದ ಭಾಷೆಗೆ ವರ್ಗಾಯಿಸಿದರು. ರಸ್ಟ್ ಭಾಷೆಯಲ್ಲಿ ಪ್ರತಿಯೊಂದು ದತ್ತಾಂಶಕ್ಕೂ ಒಬ್ಬ ಒಡೆಯನಿರುತ್ತಾನೆ. ಒಂದು ಸಂಗತಿಯನ್ನು ಹಲವರು ಏಕಕಾಲದಲ್ಲಿ ಓದಬಹುದು, ಆದರೆ ಒಬ್ಬನು ಬದಲಿಸುತ್ತಿರುವಾಗ ಇನ್ನೊಬ್ಬನು ಅದನ್ನು ಓದಲೂ ಬಾರದು. ಈ ನಿಯಮವನ್ನು ಮೀರಿದ ಬರವಣಿಗೆಯನ್ನು ಕಂಪೈಲರ್ ಸ್ವೀಕರಿಸುವುದೇ ಇಲ್ಲ. ಮೇಲೆ ಹೇಳಿದ ಹತ್ತು ಕಾಣೆಯಾಗುವ ಪ್ರೋಗ್ರಾಮು ಅಲ್ಲಿ ಸಾಮಾನ್ಯವಾಗಿ ಹುಟ್ಟಲಾರದು. ಬೀಗಗಳು ಒಂದನ್ನೊಂದು ಕಾಯುವ ದೋಷವನ್ನು ಇದು ತಡೆಯುವುದಿಲ್ಲವೆಂಬುದನ್ನೂ ಹೇಳಬೇಕು. ಆದರೂ, ಪರೀಕ್ಷಾಗಾರದಲ್ಲಿ ಅವಿತು ಗ್ರಾಹಕನ ಮೇಜಿನ ಮೇಲೆ ಎದ್ದೇಳುವ ಒಂದು ಇಡೀ ಜಾತಿಯ ದೋಷಗಳನ್ನು ಬರೆಯುವ ಹೊತ್ತಿನಲ್ಲಿಯೇ ನಿವಾರಿಸುವ ಇಂಥ ಉಪಾಯವು ಈ ಇಪ್ಪತ್ತು ವರ್ಷಗಳ ಅತ್ಯಂತ ಆಶಾದಾಯಕ ಬೆಳವಣಿಗೆಯೆಂದು ನನಗೆ ತೋರುತ್ತದೆ. ಪೈಥಾನ್‌ನಂಥ ಜನಪ್ರಿಯ ಭಾಷೆಯೂ, ಒಂದು ಪ್ರಕ್ರಿಯೆಯೊಳಗೆ ಒಂದು ಗಳಿಗೆಯಲ್ಲಿ ಒಂದೇ ಥ್ರೆಡ್ ನಡೆಯಬೇಕೆಂಬ ತನ್ನ ಹಳೆಯ ಸಾರ್ವತ್ರಿಕ ಬೀಗವನ್ನು ತೆಗೆಯಲು ಒಪ್ಪಿ, 2024ರ ಅಕ್ಟೋಬರಿನಲ್ಲಿ ಬಂದ 3.13ನೆಯ ಆವೃತ್ತಿಯಲ್ಲಿ ಬೀಗವಿಲ್ಲದ ರೂಪವನ್ನು ಪ್ರಾಯೋಗಿಕವಾಗಿ ಕೊಟ್ಟಿದೆ.

ಉಚಿತವಾಗಿ ದೊರೆಯುವ ಗಿಂಪ್ ಎಂಬ ಚಿತ್ರಸಂಪಾದನ ತಂತ್ರಾಂಶದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಜಿಇಜಿಎಲ್ ಎಂಬ ಹೊಸ ಸಂಸ್ಕರಣ ಬುನಾದಿಗೆ ಬಹು ವರ್ಷಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಸ್ಥಳಾಂತರಗೊಂಡು, 2018ರ ಏಪ್ರಿಲಿನ 2.10ನೆಯ ಆವೃತ್ತಿಯಲ್ಲಿ ಹಲವು ಕೋರ್‌ಗಳನ್ನು ಬಳಸುವ ಸಾಮರ್ಥ್ಯವನ್ನು ಪಡೆಯಿತು. ಬೆರಳೆಣಿಕೆಯಷ್ಟು ಮಂದಿ ಸ್ವಯಂಪ್ರೇರಣೆಯಿಂದ ಮಾಡಿದ ಈ ಕೆಲಸವನ್ನು ಧನಬಲವುಳ್ಳ ಸಂಸ್ಥೆಗಳು ತಮ್ಮಿಂದಾಗದೆನ್ನುವುದು ಯುಕ್ತವಲ್ಲ.

ಪೂರ್ಣ ಉಪಯೋಗವೆಂದರೆ ಎಂಟು ರೇಖೆಗಳನ್ನೂ ನೂರಕ್ಕೆ ಏರಿಸಿ ನಿಲ್ಲಿಸುವುದೆಂದು ಯಾರೂ ತಿಳಿಯಬಾರದು. ಪ್ರೊಸೆಸರ್ ಸ್ಮೃತಿಯಿಂದ ದತ್ತಾಂಶವನ್ನು ತರುವುದು ಸಾಮಾನ್ಯವಾಗಿ 64 ಬೈಟ್‌ಗಳ ತುಂಡುಗಳಾಗಿ. ಎರಡು ಕೋರ್‌ಗಳು ಒಂದೇ ತುಂಡಿನೊಳಗಿನ ಎರಡು ಬೇರೆ ಸಂಖ್ಯೆಗಳನ್ನು ಬದಲಿಸುತ್ತಿದ್ದರೂ, ಆ ತುಂಡು ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇದ್ದು, ಎಂಟು ಕೋರ್‌ಗಳ ಪ್ರೋಗ್ರಾಮು ಒಂದು ಕೋರಿನದಕ್ಕಿಂತ ನಿಧಾನವಾಗುವುದುಂಟು. ಸ್ಮೃತಿಗೆ ಹೋಗಿಬರುವ ಮಾರ್ಗವೂ ಎಲ್ಲ ಕೋರ್‌ಗಳಿಗೆ ಸಮಾನವಾದದ್ದು. ಅದು ತುಂಬಿದ ಮೇಲೆ ಹೆಚ್ಚಿನ ಕೋರ್ ಕಾಯುವುದಕ್ಕಷ್ಟೇ ಒದಗುತ್ತದೆ. ಸಾಲದುದಕ್ಕೆ, ಆಪಲ್‌ನ 2020ರ ಎಂ1, ಇಂಟೆಲ್‌ನ 2021ರ ಪ್ರೊಸೆಸರುಗಳ ನಂತರ, ಒಂದೇ ಚಿಪ್ಪಿನಲ್ಲಿ ವೇಗದ ಕೋರ್‌ಗಳೂ ಮಿತವ್ಯಯದ ಕೋರ್‌ಗಳೂ ಬೆರೆತಿವೆ. ಪಾಲನ್ನು ಸರಿಸಮನಾಗಿ ಹಂಚಿದರೆ ವೇಗದವು ಮುಗಿಸಿ ನಿಧಾನದವಕ್ಕಾಗಿ ಕಾಯಬೇಕಾಗುತ್ತದೆ. ಆದುದರಿಂದ ಇಷ್ಟು ಥ್ರೆಡ್‌ಗಳೆಂದು ಪ್ರೋಗ್ರಾಮಿನಲ್ಲಿ ಕೆತ್ತಿಡದೆ, ಕೆಲಸವನ್ನು ಸಣ್ಣ ಸಣ್ಣ ಖಂಡಗಳಾಗಿ ವಿಂಗಡಿಸಿ, ಅವುಗಳ ಪರಸ್ಪರ ಅವಲಂಬನೆಯನ್ನು ಮಾತ್ರ ಹೇಳಿ, ಹಂಚಿಕೆಯನ್ನು ವ್ಯವಸ್ಥೆಗೆ ಬಿಡುವುದು ಕ್ಷೇಮ. ಬಿಡುವಾದ ಕೋರ್ ತಾನಾಗಿ ಬಳಲಿದ ಕೋರಿನ ಸರದಿಯಿಂದ ಖಂಡಗಳನ್ನು ಎತ್ತಿಕೊಳ್ಳುವ ಕ್ರಮವನ್ನು ಎಂಐಟಿಯ ಸಿಲ್ಕ್ ಯೋಜನೆಯವರು 1990ರ ದಶಕದಲ್ಲಿ ಪರಿಷ್ಕರಿಸಿ ತೋರಿಸಿದರು. ಹಂಚಿಕೆಯ ಹೊಣೆಯನ್ನು ವ್ಯವಸ್ಥೆಯೇ ಹೊರುವ ಗ್ರ್ಯಾಂಡ್ ಸೆಂಟ್ರಲ್ ಡಿಸ್ಪ್ಯಾಚ್ ಎಂಬ ಸೌಲಭ್ಯವನ್ನು ಆಪಲ್ 2009ರಲ್ಲಿ ತನ್ನ ಮ್ಯಾಕ್ ಗಣಕಗಳಿಗೆ ಸೇರಿಸಿತು.

ಕನ್ನಡದ ಕೆಲಸಕ್ಕೆ ಇದು ಹೇಗೆ ತಗಲುತ್ತದೆಯೆಂಬುದಕ್ಕೆ ಎರಡು ದೃಷ್ಟಾಂತಗಳನ್ನು ಕೊಡಬಹುದು. ಹಳೆಯ ಕನ್ನಡ ಗ್ರಂಥಗಳ ಪುಟಚಿತ್ರಗಳಿಂದ ಅಕ್ಷರಗಳನ್ನು ಗುರುತಿಸಲು ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶವಿದೆ. ಕನ್ನಡಕ್ಕೆ ಬೇಕಾದ ತರಬೇತಿ ದತ್ತಾಂಶವೂ ಅದಕ್ಕಿದೆ. ನಾನೂರು ಪುಟಗಳ ಗ್ರಂಥದಲ್ಲಿ ಒಂದು ಪುಟದ ಗುರುತಿಸುವಿಕೆ ಇನ್ನೊಂದನ್ನು ಅವಲಂಬಿಸಿಲ್ಲ. ಒಂದೇ ಪುಟದೊಳಗೆ ಹಲವು ಥ್ರೆಡ್‌ಗಳನ್ನು ಹಚ್ಚುವುದಕ್ಕಿಂತ, ಪುಟಕ್ಕೊಂದು ಕೋರ್ ಎಂದು ವಹಿಸಿ ಎಂಟು ಪುಟಗಳನ್ನು ಏಕಕಾಲದಲ್ಲಿ ನಡೆಸುವುದು ಬಹಳ ಫಲಕಾರಿ. ಇದಕ್ಕೆ ಮೂಲ ತಂತ್ರಾಂಶವನ್ನು ತಿದ್ದಬೇಕಾಗಿಯೂ ಇಲ್ಲ, ನಾಲ್ಕು ಸಾಲಿನ ಆಜ್ಞೆ ಸಾಕು. ಇನ್ನು ಪುಟವಿನ್ಯಾಸದ ವಿಷಯ. ವ್ಯಂಜನ, ಒತ್ತಕ್ಷರ, ಸ್ವರಚಿಹ್ನೆಗಳನ್ನು ಜೋಡಿಸಿ ಸರಿಯಾದ ಲಿಪಿರೂಪವನ್ನು ಕಟ್ಟುವ ಕೆಲಸವನ್ನು ಪ್ರತಿಯೊಂದು ಪರಿಚ್ಛೇದಕ್ಕೂ ಸ್ವತಂತ್ರವಾಗಿ ಮಾಡಬಹುದಾದ್ದರಿಂದ ಅದನ್ನು ಕೋರ್‌ಗಳಿಗೆ ಧಾರಾಳವಾಗಿ ಹಂಚಬಹುದು. ಆದರೆ ಹನ್ನೊಂದನೆಯ ಪುಟ ಎಲ್ಲಿಂದ ಆರಂಭವಾಗಬೇಕೆಂಬುದು ಹತ್ತನೆಯದು ಎಲ್ಲಿ ಮುಗಿಯಿತೆಂಬುದು ತಿಳಿಯುವವರೆಗೆ ತಿಳಿಯದು. ಪುಟ ಕತ್ತರಿಸುವ ಆ ಭಾಗ ಸರದಿಯಲ್ಲಿಯೇ ನಡೆಯಬೇಕು. ಈ ಎರಡನ್ನೂ ಹೆಣೆದು ಒಂದೇ ಕುಣಿಕೆಯೊಳಗೆ ಬರೆದಿಟ್ಟಿದ್ದರೆ ಎಲ್ಲವೂ ಸರದಿಗೆ ಬೀಳುತ್ತದೆ. ಬಿಡಿಸಿ ಬರೆದರೆ ಭಾರದ ದೊಡ್ಡ ಪಾಲು ಹಗುರವಾಗುತ್ತದೆ.

ಡೆಸ್ಕ್‌ಟಾಪ್ ಗಣಕವು ಬಹುಕಾಲ ಬಳಕೆದಾರನ ಮುಂದಿನ ಒತ್ತಿಗಾಗಿಯೋ ಜಾಲದಿಂದ ಬರುವ ಉತ್ತರಕ್ಕಾಗಿಯೋ ಕಾಯುತ್ತಿರುತ್ತದೆ, ಅದಕ್ಕೆ ಇಷ್ಟೆಲ್ಲ ಶ್ರಮವೇಕೆ ಎಂಬ ಆಕ್ಷೇಪಣೆಯನ್ನು ಬಲ್ಲವರೇ ಎತ್ತುವುದುಂಟು. ಅದರಲ್ಲಿ ಸತ್ಯಾಂಶವಿದೆ. ಅವಿವೇಕದ ಕ್ರಮದಲ್ಲಿ ಬರೆದ ಲೆಕ್ಕವನ್ನು ಎಂಟು ಕೋರ್‌ಗಳಿಗೆ ಹಂಚುವುದಕ್ಕಿಂತ ಮೊದಲು ಕ್ರಮವನ್ನು ತಿದ್ದುವುದೇ ಸರಿ. ಅದರಿಂದ ನೂರು ಪಟ್ಟಿನ ಲಾಭ ಬಂದ ಉದಾಹರಣೆಗಳೂ ಇವೆ. ಆದರೆ ಬಳಕೆದಾರನು ನಿಜವಾಗಿ ಕಾಯುವ ಸಂದರ್ಭಗಳು, ಹೊತ್ತಿನ ಲೆಕ್ಕದಲ್ಲಿ ಸ್ವಲ್ಪವಾದರೂ, ಅವನ ಸಹನೆಯ ಲೆಕ್ಕದಲ್ಲಿ ಸ್ವಲ್ಪವಲ್ಲ. ಅಲ್ಲದೆ, ಶ್ರೀಮಂತನಿಗೆ ಅತ್ಯಂತ ವೇಗದ ಕೋರುಳ್ಳ ಹೊಸ ಯಂತ್ರವನ್ನು ಕೊಳ್ಳುವ ದಾರಿ ತೆರೆದಿದೆ. ಯಾರೋ ಬಳಸಿ ಬಿಟ್ಟ ಹತ್ತು ವರ್ಷದ ನಾಲ್ಕು ಕೋರ್‌ಗಳ ಗಣಕವನ್ನು ಅಗ್ಗಕ್ಕೆ ಕೊಂಡು ಓದುತ್ತಿರುವ ಹಳ್ಳಿಯ ಹುಡುಗನಿಗೆ ಆ ದಾರಿಯಿಲ್ಲ. ಅವನ ಯಂತ್ರದ ಒಂದೊಂದು ಕೋರೂ ನಿಧಾನದ್ದು. ನಾಲ್ಕೂ ಸೇರಿದರೆ ಸಾಕಷ್ಟು ಸಮರ್ಥವಾದದ್ದು. ತಂತ್ರಾಂಶವು ನಾಲ್ಕನ್ನೂ ಬಳಸಿದರೆ ಅವನ ಯಂತ್ರ ಇನ್ನೂ ಕೆಲವು ವರ್ಷ ಬಾಳುತ್ತದೆ. ಈ ವಿಷಯದಲ್ಲಿ ನನ್ನ ಕಳಕಳಿಗೆ ಮುಖ್ಯ ಕಾರಣ ಅವನೇ.

ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, 1986ರಷ್ಟು ಹಿಂದೆಯೇ, ಇಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಇಂಟೆಲ್ 8086 ಪ್ರೊಸೆಸರುಗಳನ್ನು ಜೊತೆಗೂಡಿಸಿ, ದ್ರವಗತಿಯ ಸಮೀಕರಣಗಳನ್ನು ಬಿಡಿಸಲೆಂದು ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಕಟ್ಟಿದ್ದರು. ಭಾರತದ ಮೊದಲ ಸಮಾಂತರ ಗಣಕಗಳಲ್ಲಿ ಅದು ಒಂದು. ಗಾಳಿಯ ಹರಿವನ್ನು ಚೌಕಗಳಾಗಿ ಸೀಳಿ ಪ್ರೊಸೆಸರಿಗೊಂದರಂತೆ ಹಂಚುವುದು ಸ್ವಭಾವತಃ ಅನುಕೂಲವಾದದ್ದು, ಕಚೇರಿಯ ತಂತ್ರಾಂಶ ಹಾಗೆ ಅಚ್ಚುಕಟ್ಟಾಗಿ ಸೀಳಿಕೊಳ್ಳುವುದಿಲ್ಲ ಎಂಬುದು ನಿಜ. ಆದರೂ ವಿಜ್ಞಾನಿಗಳ ಪ್ರಯೋಗಾಲಯದಲ್ಲಿ ಸುಮಾರು ನಲವತ್ತು ವರ್ಷಗಳ ಹಿಂದೆ ಅಭ್ಯಾಸವಾಗಿದ್ದ ಆಲೋಚನಾಕ್ರಮವು, ಜಗತ್ತಿನ ತಂತ್ರಾಂಶದ ಗಣನೀಯ ಭಾಗವನ್ನು ಬರೆಯುವ ಅದೇ ನಗರದ ತರುಣರಿಗೆ ಕಾಲೇಜಿನಲ್ಲಿ ಕಾರ್ಯಾಚರಣ ವ್ಯವಸ್ಥೆಯ ವಿಷಯದೊಳಗಿನ ಒಂದು ಅಧ್ಯಾಯವಾಗಿ, ಪರೀಕ್ಷೆಯ ದೃಷ್ಟಿಯಿಂದ ಮಾತ್ರ ಪರಿಚಯವಾಗುವುದು ಸಲ್ಲದು. ಒಂದು ಲೆಕ್ಕವನ್ನು ಬಿಡಿಸಲು ಕಲಿಸಿದ ದಿನವೇ, ಅದರ ಯಾವ ಹೆಜ್ಜೆ ಯಾವುದನ್ನು ಅವಲಂಬಿಸಿದೆಯೆಂದು ಬಿಡಿಸಿ ಬರೆಯುವುದನ್ನೂ ಕಲಿಸಬೇಕು.

ಕೊಳ್ಳುವವರ ಕೈಯಲ್ಲಿಯೂ ಒಂದು ಅಧಿಕಾರವಿದೆ. ಶಾಲೆ, ಕಚೇರಿ, ಗ್ರಂಥಾಲಯಗಳಿಗಾಗಿ ಗಣಕಗಳನ್ನು ಕೊಳ್ಳುವಾಗ ಎಷ್ಟು ಕೋರ್, ಎಷ್ಟು ಸ್ಮೃತಿ ಎಂದು ಟೆಂಡರಿನಲ್ಲಿ ವಿವರವಾಗಿ ಬರೆಯುತ್ತಾರೆ. ಅದರ ಮೇಲೆ ನಡೆಯುವ ತಂತ್ರಾಂಶವು ಆ ಕೋರ್‌ಗಳನ್ನು ಬಳಸುವುದೇ ಎಂಬ ಪ್ರಶ್ನೆ ಅಲ್ಲಿ ಬರಬೇಕು. ವಿಂಡೋಸ್‌ನಲ್ಲಿಯೂ ಲಿನಕ್ಸ್‌ನಲ್ಲಿಯೂ ಒಂದು ಪ್ರೋಗ್ರಾಮನ್ನು ಇಂತಿಷ್ಟೇ ಕೋರ್‌ಗಳಿಗೆ ಸೀಮಿತಗೊಳಿಸಿ ನಡೆಸುವ ಏರ್ಪಾಡಿರುವುದರಿಂದ, ಒಂದೇ ಕೆಲಸವನ್ನು ಒಂದು, ಎರಡು, ನಾಲ್ಕು, ಎಂಟು ಕೋರ್‌ಗಳಲ್ಲಿ ಮಾಡಿಸಿ, ಹಿಡಿದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಬರೆದುಕೊಡಿರೆಂದು ಮಾರಾಟಗಾರನನ್ನು ಕೇಳುವುದು ಕಷ್ಟವಲ್ಲ. ಕೊಟ್ಟ ಅಂಕಿಗಳನ್ನು ಪರಿಶೀಲಿಸುವುದು ಇನ್ನೂ ಸುಲಭ. ನಾಲ್ಕೂ ಅಂಕಿಗಳು ಸಮನಾಗಿದ್ದರೆ ಹೆಚ್ಚಿನ ಕೋರ್‌ಗಳಿಗೆ ಹಣ ತೆರುವುದು ವ್ಯರ್ಥ. ಆ ಹಣದಲ್ಲಿ ಸ್ಮೃತಿಯನ್ನೋ ವೇಗದ ಸಂಗ್ರಹ ಡಿಸ್ಕನ್ನೋ ಕೊಳ್ಳಬಹುದು. ಈ ಪದ್ಧತಿಯನ್ನು ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಲ್ಲಿ, ಗ್ರಂಥಗಳನ್ನು ಡಿಜಿಟಲ್ ರೂಪಕ್ಕೆ ತರುವ ವಿಭಾಗಗಳಿಂದ ಮೊದಲು ಮಾಡುವುದು ಉಚಿತ. ಅಲ್ಲಿ ದಿನವೂ ನಡೆಯುವ ಕೆಲಸ ಒಂದೇ ಬಗೆಯದು, ಪುಟಗಳು ಒಂದರಿಂದೊಂದು ಸ್ವತಂತ್ರವಾದವು, ಅಳತೆಗೆ ಒಂದು ಮಧ್ಯಾಹ್ನ ಸಾಕು.